ಮುಯ್ಯಿಗೆ ಹೋದ ನಂದಿ

ಕೃಷ್ಣೆಯ ದಂಡೆಯ ಜುಗೂಳದ ಮಾಸ್ತರರು ಹುಡುಗರಿದ್ದಾಗ ಅವರ ಮನೆಯಲ್ಲಿ ಇದ್ದದ್ದು ಎರಡೆತ್ತು. ಹಂತಿಗೆ ಕಡಿಮೆಯೆಂದರೂ ಆರು ಬೇಕು. ಮಿಕ್ಕ ನಾಲ್ಕು ಎಲ್ಲಿಂದ ಬರುತ್ತವೆ ಎಂಬುದು ಸುಗ್ಗಿಗೆ ತಿಂಗಳಿರುವಾಗಲೇ ಅವರ ಅಜ್ಜನ ತಲೆಯಲ್ಲಿ ಪಕ್ಕಾ ಆಗಿರುತ್ತಿತ್ತು. ಬಡಗಣ ಹೊಲದವರದು ಒಂದು ಜೋಡಿ. ಅವರ ಬಿತ್ತನೆಗೆ ಇವರ ಎತ್ತು ಕೂರಿಗೆ ಎಳೆದಿದ್ದವು. ಹೊಳೆದಂಡೆಯವರದು ಇನ್ನೊಂದು ಜೋಡಿ. ಅವರ ಮಗಳ ಮದುವೆಯ ಸಾಮಾನು ತರಲು ಇವರ ಚಕ್ಕಡಿ ಮೀರಜಿಗೆ ಹೋಗಿ ಬಂದಿತ್ತು. ಅಜ್ಜನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೆ ಯಾರ ಎತ್ತು ಯಾರ ಹೊಲದಲ್ಲಿ ಎಷ್ಟು ಹೊತ್ತು ದುಡಿದಿದೆ ಎಂಬ ಲೆಕ್ಕ ಕುಲಕರ್ಣಿಯ ದಫ್ತರದಲ್ಲೂ ಅಷ್ಟು ಚೊಕ್ಕ ಸಿಗುತ್ತಿರಲಿಲ್ಲ.

ಹಂತಿ ಕಂಡವರು ಈಗ ಕಡಿಮೆ. ಸಗಣಿ ಸಾರಿಸಿದ ಕಣದ ನಡುವೆ ಮೇಟಿ ನೆಟ್ಟು, ಸುತ್ತ ಜೋಳದ ತೆನೆ ಹರವಿ, ಎತ್ತುಗಳನ್ನು ಕೊರಳಿಗೆ ಕೊರಳು ಜೋಡಿಸಿ ಕಟ್ಟಿ ಸುತ್ತು ಹೊಡೆಸುವುದು. ಮೇಟಿಗೆ ಹತ್ತಿದ ಎತ್ತು ನಿಂತಲ್ಲೇ ತಿರುಗಿದ ಹಾಗೆ ನಡೆದರೆ ಸಾಕು. ತುದಿಯದಕ್ಕೆ ಮಾತ್ರ ಬಿಡುವಿಲ್ಲ. ಸುತ್ತು ದೊಡ್ಡದು, ಓಡಲೇಬೇಕು. ಹಾಗಾಗಿ ಮುದಿ ಎತ್ತು ಒಳಗೆ, ಹರೆಯದ್ದು ಹೊರಗೆ ಎಂಬುದು ಎಲ್ಲ ಕಣಗಳ ರೂಢಿ. ಅಜ್ಜನ ಕಣದಲ್ಲಿ ಇನ್ನೊಂದು ರೂಢಿಯಿತ್ತು. ಮುಯ್ಯಿಗೆ ಬಂದ ಎತ್ತನ್ನು ಅವನು ತುದಿಗೆ ಕಟ್ಟುತ್ತಿರಲಿಲ್ಲ. ತುದಿಗೆ ಯಾವಾಗಲೂ ಮನೆಯ ಎತ್ತೇ.

‘ಮಂದೀ ಎತ್ತ ದಣದ ಹೋಗಬಾರದೋ ತಮ್ಮಾ. ಹೋಗೂ ಮುಂದ ಅದರ ಹೊಟ್ಟಿ ನೋಡತಾರ ಅವರು’ ಎನ್ನುತ್ತಿದ್ದ.

ಇದು ದಯೆಯೋ, ಮರ್ಯಾದೆಯ ಅಂಜಿಕೆಯೋ ಎಂದು ಮಾಸ್ತರರಿಗೆ ಈಗಲೂ ಖಾತ್ರಿಯಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವ ಹುಕಿ ಅಜ್ಜನಿಗಂತೂ ಇರಲಿಲ್ಲ. ರಾತ್ರಿ ಬೆಳುದಿಂಗಳಲ್ಲಿ ಹಂತಿ ಹೊಡೆಯುವವರು ತೂಕಡಿಸದಂತೆ ಪದ ಹಾಡುತ್ತಿದ್ದರು. ಒಬ್ಬ ಎತ್ತಿಕೊಂಡರೆ ಉಳಿದವರು ಹಿಂದೆ ಹೇಳುವರು. ಹುಡುಗನ ಕೆಲಸವೆಂದರೆ ಒಂದು ಸಿವುಡು ಹುಲ್ಲು ಹಿಡಿದು ಎತ್ತುಗಳ ಹಿಂದೆ ನಡೆಯುವುದು. ಬಾಲ ಮೇಲೆದ್ದದ್ದು ಕಂಡರೆ ಓಡಿ ಹೋಗಿ, ಸಗಣಿ ಕಾಳಿನ ಮೇಲೆ ಬೀಳುವ ಮೊದಲು ಹುಲ್ಲಿನಲ್ಲಿ ಹಿಡಿದು ಕಣದಾಚೆ ಒಗೆಯಬೇಕು. ತಪ್ಪಿದರೆ ಇಡೀ ಕಣ ನಗುತ್ತಿತ್ತು. ಊರಲ್ಲಿ ಯಾರ ಎತ್ತಿಗೆ ಹೊಟ್ಟೆ ಸರಿಯಿಲ್ಲ ಎಂಬುದು ಆ ಹುಡುಗನಿಗೆ ಗೊತ್ತಿದ್ದಷ್ಟು ಅವುಗಳ ಒಡೆಯರಿಗೂ ಗೊತ್ತಿರಲಿಲ್ಲ.

ಮುಯ್ಯಿ ಅಂದರೆ ಧರ್ಮಾರ್ಥವಲ್ಲ. ಎತ್ತಿಗೆ ಎತ್ತು, ಆಳಿಗೆ ಆಳು. ಹೊಳೆಯಾಚೆಯ ಮರಾಠಿ ಹಳ್ಳಿಗಳಲ್ಲಿ ಇದನ್ನೇ ಪೈರಾ ಅನ್ನುತ್ತಾರೆ. ಹೊಲ ಇದ್ದವರ ನಡುವಿನ ವ್ಯವಹಾರವಿದು. ಹೊಲವಿಲ್ಲದವರು ಕೂಲಿಗೆ ಬರುತ್ತಿದ್ದರು, ಕೊಯ್ಲಾದ ಮೇಲೆ ಹಕ್ಕಲು ಆಯುತ್ತಿದ್ದರು. ಅವರ ಪಾಲಿಗೆ ಸುಗ್ಗಿ ಎಂದರೆ ಬಿದ್ದ ತೆನೆ. ಹಳೆಯ ಹಳ್ಳಿಯನ್ನು ಹೊಗಳುವ ಲೇಖನಗಳು ಈ ಬದುವಿಗೆ ಬಂದಾಗ ಸುಮ್ಮನೆ ದಾಟಿಬಿಡುತ್ತವೆ. ಆದರೂ ಲೆಕ್ಕ ಕೂಡದ ಒಂದೆರಡು ಖಾತೆಗಳು ಅಜ್ಜನಲ್ಲಿದ್ದವು. ಪಕ್ಕದ ಪಟ್ಟಿಯ ಹೊಲ ಗಂಡ ತೀರಿಕೊಂಡ ಒಬ್ಬಾಕೆಯದು. ಎತ್ತಿಲ್ಲ, ದುಡಿಯುವ ಗಂಡಾಳಿಲ್ಲ. ಆಕೆಯ ಹೊಲ ಪ್ರತಿ ವರ್ಷ ಹದಕ್ಕೆ ಸರಿಯಾಗಿ ಬಿತ್ತನೆಯಾಗುತ್ತಿತ್ತು. ‘ಅಣ್ಣಾ, ನಿಮ್ಮ ಮುಯ್ಯಿ ಹ್ಯಾಂಗ ತೀರಸ್ಲಿ?’ ಎಂದು ಆಕೆ ಕೇಳಿದರೆ ಅಜ್ಜ, ‘ತಂಗೀ, ನಿನ್ನ ಮಜ್ಜಿಗಿ ಗಡಿಗಿ ಎರಡೆತ್ತಿನ ಸರೀಕ ಐತಿ’ ಎಂದು ಖಾತೆ ಮುಚ್ಚಿಬಿಡುತ್ತಿದ್ದ. ಆಕೆಯ ಮಜ್ಜಿಗೆ ಬಲು ಹುಳಿ. ಮಾಸ್ತರರಿಗೆ ನೆನಪಿದೆ.

ಈ ಸೀಮೆಯಲ್ಲಿ ಇಂಥ ಸಡಿಲ ಲೆಕ್ಕಕ್ಕೆ ಒಬ್ಬ ದೊಡ್ಡ ಸಾಕ್ಷಿಯಿದ್ದಾರೆ. ದೂಧಗಂಗಾ ವೇದಗಂಗಾ ಕೂಡುವ ಭೋಜದಲ್ಲಿ ಬೆಳೆದ ಸಾತಗೌಡ ಎಂಬ ಪಾಟೀಲರ ಮಗ. 1872ರಲ್ಲಿ ಹುಟ್ಟಿದ ಇವರೇ ಮುಂದೆ ಆಚಾರ್ಯ ಶಾಂತಿಸಾಗರರಾಗಿ, ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ತಂದು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರು. ಮುನಿಯಾಗುವ ಮೊದಲಿನ ಒಂದು ಕತೆಯನ್ನು ಜೈನ ಒಕ್ಕಲು ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಜೋಳದ ಹೊಲ ಕಾಯಲು ಕಳಿಸಿದರೆ ಸಾತಗೌಡರು ಹಕ್ಕಿ ಹೊಡೆಯುತ್ತಿರಲಿಲ್ಲವಂತೆ; ತಿನ್ನಲು ಬಿಟ್ಟು, ಮೇಲೆ ಕುಡಿಯಲು ನೀರನ್ನೂ ಇಡುತ್ತಿದ್ದರಂತೆ. ಮೈಯಲ್ಲಿ ಎಂಥ ಕಸುವೆಂದರೆ ಎತ್ತುಗಳು ಎಳೆಯುವ ಕಪಿಲೆಯನ್ನು ಒಬ್ಬರೇ ಎಳೆಯುತ್ತಿದ್ದರು, ಮುನಿಯೊಬ್ಬರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರು ಎಂದೂ ಹೇಳುತ್ತಾರೆ. ಭಕ್ತರ ಬಾಯಲ್ಲಿ ಕತೆ ಒಂದು ಮೊಳ ಬೆಳೆದಿರಬಹುದು. ಅಜ್ಜ ಮಾತ್ರ ಇದನ್ನು ಒಕ್ಕಲಿಗನ ಕಣ್ಣಿನಿಂದಲೇ ನೋಡುತ್ತಿದ್ದ: ‘ಅವರ ಹೊಲದಾಗ ಹೊಟ್ಟಿ ತುಂಬಿದ ಹಕ್ಕಿ ಬಾಜೂದವರ ಹೊಲಕ್ಕ ಯಾಕ ಹೋಗ್ತಾವ?’

ಕೃಷ್ಣೆಯಾಚೆ, ಜುಗೂಳದ ಎದುರಿಗೇ, ಖಿದ್ರಾಪುರದ ಕೋಪೇಶ್ವರ. ಶಿಲಾಹಾರರ ಕಾಲದ ಗುಡಿ; ಮಾಡು ಇಲ್ಲದ ದುಂಡು ಸ್ವರ್ಗಮಂಟಪ, 48 ಕಂಬ. ಪುಣೆಯಲ್ಲಿ ನೌಕರಿಗಿರುವ ಮಾಸ್ತರರ ಮಗ ಒಂದು ಎಳ್ಳ ಅಮಾವಾಸ್ಯೆಗೆ ಊರಿಗೆ ಬರುವಾಗ ಈ ಗುಡಿ ತೋರಿಸಲೆಂದು ತನ್ನ ಕೊರಿಯಾದ ಸಹೋದ್ಯೋಗಿಯನ್ನೂ ಕರೆತಂದ. ಶಿವನ ಗುಡಿಯಲ್ಲಿ ನಂದಿ ಯಾಕಿಲ್ಲ ಎಂದು ಆತ ಕೇಳಿದ. ದಾಕ್ಷಾಯಿಣಿ ನಂದಿಯನ್ನೇರಿ ತವರಿನ ಯಜ್ಞಕ್ಕೆ ಹೋದಳು, ಆ ನಂದಿ ಇತ್ತ ಚಿಕ್ಕೋಡಿ ಸೀಮೆಯ ಯಡೂರಿನಲ್ಲಿ ಕೂತಿದೆ ಎನ್ನುವುದು ಇಲ್ಲಿಯ ಜನರ ನಂಬಿಕೆ. ಅಷ್ಟೆಲ್ಲ ಬಿಡಿಸಿ ಹೇಳುವ ತಾಳ್ಮೆ ಮಾಸ್ತರರಿಗೆ ಇರಲಿಲ್ಲ. ‘ಯಡೂರವರು ಮುಯ್ಯಿಗೆ ಒಯ್ದಾರ, ಇನ್ನೂ ತಿರಗಿ ಕೊಟ್ಟಿಲ್ಲ ಅಂತ ಹೇಳ’ ಎಂದರು.

ಮಗ ಅದನ್ನು ಹೇಗೆ ತಿಳಿಸಿದನೋ, ಅತಿಥಿ ನಗುವ ಬದಲು ತಲೆಯಾಡಿಸಿದ. ತಮ್ಮಲ್ಲೂ ಇದೆ, ಪುಮಾಸಿ ಅನ್ನುತ್ತೇವೆ ಎಂದ. ಗಂಗ್ವಾನ್ ಪ್ರಾಂತದ ಗುಡ್ಡದ ಹೊಲಗಳಲ್ಲಿ ಎರಡೆತ್ತಿನ ನೇಗಿಲು. ಒಂದೊಂದೇ ಎತ್ತಿರುವ ನೆರೆಹೊರೆಯವರು ಕೂಡಿ ಜೋಡಿ ಕಟ್ಟುತ್ತಿದ್ದರಂತೆ. ಭತ್ತದ ಕಳೆ ತೆಗೆಯಲು ಇಡೀ ಊರೇ ದುರೆ ಎಂಬ ಕೂಟ ಕಟ್ಟಿ ಬಾವುಟ, ಡೋಲು, ಜಾಗಟೆಯೊಂದಿಗೆ ಗದ್ದೆಗೆ ಇಳಿಯುತ್ತಿತ್ತು. ಆ ರೈತವಾದ್ಯ ನೊಂಗಾಕ್ 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಮ್ಮ ಹಂತಿಪದ ಯಾವ ಪಟ್ಟಿಯಲ್ಲಿದೆಯೋ ಯಡೂರಿನ ನಂದಿಯನ್ನೇ ಕೇಳಬೇಕು. 1970ರಲ್ಲಿ ದಕ್ಷಿಣ ಕೊರಿಯಾದ ಸರ್ಕಾರ ಹಳ್ಳಿಗೆ 335 ಚೀಲದಂತೆ ಸಿಮೆಂಟು ಹಂಚಿ, ಊರ ಕೆಲಸ ಊರವರೇ ಮಾಡಿಕೊಳ್ಳಿ ಎಂದು ಸೇಮಾಉಲ್ ಚಳವಳಿ ಶುರುಮಾಡಿತು. ಕೂಡಿ ದುಡಿಯುವುದನ್ನು ಆ ಹಳ್ಳಿಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಮಧ್ಯಾಹ್ನ ಹೊಲದಲ್ಲಿ ಚರಗ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಭಜ್ಜಿ. ಮಾಸ್ತರರ ಮಡದಿ ಬುಟ್ಟಿ ಇಳಿಸಿ, ಮೊದಲ ತುತ್ತನ್ನು ಭೂಮಿತಾಯಿಗೆ ಚೆಲ್ಲಿದ್ದನ್ನು ಕಂಡು ಅತಿಥಿ ಎದ್ದುನಿಂತುಬಿಟ್ಟ. ಅವನ ಅಜ್ಜಿಯೂ ಗದ್ದೆಗೆ ಊಟ ತಂದಾಗ ಮೊದಲ ತುತ್ತನ್ನು ‘ಗೊಸುರೆ’ ಎಂದು ಕೂಗಿ ಆಚೆ ಎಸೆಯುತ್ತಿದ್ದಳಂತೆ. ಎಸೆದ ಮೇಲೆ ಪಕ್ಕದ ಗದ್ದೆಯವರನ್ನು ಹೆಸರು ಹಿಡಿದು ಕರೆಯುವಳು. ಅವರು ಊಟವಾಗಿದೆ ಅನ್ನುವರು. ಆಗಿಲ್ಲವೆಂದು ಅಜ್ಜಿಗೆ ಗೊತ್ತು. ಹಣ್ಣು ಕೀಳುವಾಗಲೂ ಮರದ ತುದಿಯಲ್ಲಿ ಒಂದಷ್ಟು ಹಾಗೇ ಬಿಡಬೇಕು, ಅದು ಮ್ಯಾಗ್‌ಪೈ ಹಕ್ಕಿಯ ಊಟ. ಮಾತು ಇಲ್ಲಿಗೆ ಬಂದಾಗ ಮಾಸ್ತರರು ಭೋಜದ ಕತೆ ತೆಗೆದರು. ಅವನು ಐದನೆಯ ಕಡುಬು ತೆಗೆದುಕೊಂಡ.

ಈಗ ಜುಗೂಳದ ಸುತ್ತ ಜೋಳ ಹುಡುಕಬೇಕು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಬಂತು, ಮೆಲ್ಲಗೆ ಪಂಪುಗಳು ಕೃಷ್ಣೆಯ ನೀರನ್ನು ಎರೆಭೂಮಿಗೆ ಎತ್ತಿದವು, ಹೊಲವೆಲ್ಲ ಕಬ್ಬಾಯಿತು. ಕಬ್ಬು ಕಡಿಯಲು ಬೀಡ ಜಿಲ್ಲೆಯ ಕಡೆಯಿಂದ ಟೋಳಿ ಬರುತ್ತದೆ, ಮುಕಾದಮನಿಗೆ ಮುಂಗಡ ಹೋಗುತ್ತದೆ. ಯಾರ ಕಬ್ಬು ಯಾವಾಗ ಎಂಬುದನ್ನು ಕಾರ್ಖಾನೆಯ ಪಾಳಿ ಹೇಳುತ್ತದೆ. ನೆರೆಯವನ ಎತ್ತಿನಿಂದ ಆಗಬೇಕಾದ್ದು ಏನೂ ಉಳಿದಿಲ್ಲ. ಎತ್ತು ಹೋದ ಜಾಗಕ್ಕೆ ಟ್ರ್ಯಾಕ್ಟರು ಬಂತು, ಅದು ತಾಸಿನ ಲೆಕ್ಕದಲ್ಲಿ ನಡೆಯುತ್ತದೆ. ಬಾಜೂ ಹೊಲದವರ ನಡುವೆ ಉಳಿದ ಮಾತೆಂದರೆ ಬದು ಯಾರು ಒತ್ತಿದರು, ನೀರಿನ ಪಾಳಿ ಯಾರು ಕದ್ದರು ಎಂಬುದು. ಮಾಸ್ತರರೂ ಒಂದು ಬದುವಿನ ಜಗಳ ಇಟ್ಟುಕೊಂಡಿದ್ದಾರೆ. ಅದರ ವಿವರ ಕೇಳಿದರೆ ಸಂಜೆಯಾಗುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಏರಿದಾಗ ದನ ಹೊಡೆದುಕೊಂಡು ಮೇಲಿನ ಊರುಗಳಿಗೆ ಹೋಗಬೇಕಾಯಿತು. ಕಾಗವಾಡ ಕಡೆಯ ಒಬ್ಬ ರೈತರು, ಮುಖಪರಿಚಯ ಕೂಡ ಇಲ್ಲದವರು, ಮಾಸ್ತರರ ಎಮ್ಮೆಗಳನ್ನು ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಂಡರು. ಮೇವು ಅವರದೇ. ನೆರೆ ಇಳಿದ ಮೇಲೆ ದುಡ್ಡು ಕೊಡಹೋದರೆ, ‘ಹಾಲು ನಾವ ಕುಡದೇವಲ್ರಿ ಮಾಸ್ತರ’ ಎಂದು ಕೈ ಮುಗಿದರು. ಮುಂದಿನ ಸುಗ್ಗಿಗೆ ಮಾಸ್ತರರು ಅವರ ಮನೆಗೆ ಒಂದು ಟ್ರಾಲಿ ಕಬ್ಬಿನ ವಾಡೆ ಕಳಿಸಿದರು. ಅತ್ತಲಿಂದ ಒಂದು ಬುಟ್ಟಿ ದ್ರಾಕ್ಷಿ ಬಂತು. ಅವರ ಮಗಳ ಮದುವೆಗೆ ಇವರು ಆಹೇರಿ ಹಿಡಿದು ಹೋದರು. ಅವರು ಇವರಿಗೆ ಪಟಗಾ ಸುತ್ತಿ, ಮಡದಿಗೆ ಸೀರೆ ಉಡಿಸಿ ಕಳಿಸಿದರು. ಬಾಕಿ ಯಾರ ಕಡೆಗಿದೆ ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸೀರೆಯ ಬೆಲೆ ಹಿಡಿದರೆ ಇವರ ಕಡೆ ಎಂದು ಮಡದಿ; ಎಮ್ಮೆಯ ಹಾಲು ಹಿಡಿದರೆ ಅವರ ಕಡೆ ಎಂದು ಮಾಸ್ತರರು. ಬರುವ ಎಳ್ಳ ಅಮಾವಾಸ್ಯೆಯ ಚರಗಕ್ಕೆ ಅವರನ್ನು ಕರೆಯುವುದು ಮಾತ್ರ ಗೊತ್ತಾಗಿದೆ.