ಮಿಶನ್ ಶಾಲೆಯ ಹೊಸ್ತಿಲಲ್ಲಿ
(ಗಜೇಂದ್ರಗಡ, ರೋಣ, ನರಗುಂದಗಳ ಪ್ರವಾಸದಿಂದ)

ಗದಗಿನಿಂದ ನರೇಗಲ್ಲಿನ ಹಾದಿ ಹಿಡಿದು ಹೊರಟರೆ ಕಣ್ಣು ಹರಿಯುವವರೆಗೂ ಎರೆಯ ಹೊಲಗಳೇ. ನಾವು ಹೋದದ್ದು ಬೇಸಗೆಯ ಕೊನೆಗೆ. ಹೊಲಗಳೆಲ್ಲ ಹದವಾಗಿ ಮಳೆಯ ದಾರಿ ಕಾಯುತ್ತಿದ್ದವು. ಒಕ್ಕಲಿಗನು ಬಿತ್ತಿಗೆಯ ಚಿಂತೆಯಲ್ಲಿರುವ ಈ ದಿನಗಳೇ ಮನೆಯ ಮಕ್ಕಳನ್ನು ಶಾಲೆಗೆ ಸೇರಿಸುವ ದಿನಗಳೂ ಆಗಿರುವದರಿಂದ, ಹೋದ ಊರಲ್ಲೆಲ್ಲ ನಮ್ಮ ಕಿವಿಗೆ ಬಿದ್ದ ಮಾತು ಒಂದೇ: ಕೂಸನ್ನು ಯಾವ ಶಾಲೆಗೆ ಹಾಕಬೇಕು?

ಮೊದಲು ಗಜೇಂದ್ರಗಡವನ್ನು ಕಂಡೆವು. ಆನೆಯಂತೆ ತೋರುವ ಗುಡ್ಡ, ಅದರ ಮೇಲೆ ಕೋಟೆ, ಸಮೀಪದಲ್ಲಿಯೇ ಬೆಟ್ಟದ ಮಗ್ಗುಲಿಗೆ ಕಾಲಕಾಲೇಶ್ವರನ ಗುಡಿ. 1787ರಲ್ಲಿ ಟೀಪು ಸುಲ್ತಾನನಿಗೂ ಮರಾಠರಿಗೂ ಆದ ಒಪ್ಪಂದವು ಈ ಊರಿನ ಹೆಸರಿನಿಂದಲೇ ಚರಿತ್ರೆಯಲ್ಲಿ ನಿಂತಿದೆ. ಈಗ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳವಿನ್ನೂ ಅಡಗಿಲ್ಲ. ಇಲ್ಲಿಯ ಪೇಟೆಯಲ್ಲಿ ಇಂಗ್ಲಿಷ್ ಕಲಿಸುವ ಯಾವ ಶಾಲೆಗಾದರೂ ಜನರು 'ಕಾನ್ವೆಂಟು' ಎನ್ನುವರು. ಆ ಶಬ್ದದ ಮೂಲಾರ್ಥ ಕ್ರೈಸ್ತ ಸನ್ಯಾಸಿನಿಯರ ಮಠವೆಂದು. ನಮ್ಮ ಹಿರಿಯರು ಅಕ್ಷರ ತಿದ್ದಿದ್ದೂ ಅಯ್ಯಗಳ ಮಠದಲ್ಲಿಯೇ. ಹೆಸರು ಬದಲಾದರೂ ಮಠ ಬದಲಾಗಲಿಲ್ಲವೆಂದು ನಾವು ನಕ್ಕೆವು.

ನಗೆಯ ಹಿಂದೆ ನಿಜವೊಂದಿದೆ. ಈ ಸೀಮೆಯಲ್ಲಿ ವಿದ್ಯೆಯು ಬಹುಕಾಲ ಧರ್ಮದ ಮನೆಯಲ್ಲಿಯೇ ಬೆಳೆಯಿತು. ಹಾಲಕೆರೆಯ ಅನ್ನದಾನೇಶ್ವರ ಮಠವೂ ಗದುಗಿನ ತೋಂಟದಾರ್ಯ ಮಠವೂ ನಡೆಸುವ ಶಾಲೆಗಳಲ್ಲಿ ಕಲಿತವರು ಊರೂರಿಗೆ ಸಿಗುವರು. ಸ್ವಿಟ್ಝರ್ಲೆಂಡಿನ ಬಾಸೆಲ್ ಮಿಶನ್ನಿನವರು 1841ರಲ್ಲಿಯೇ ಬೆಟಗೇರಿಯಲ್ಲಿ ನೆಲೆಸಿದರು. ಅವರು ಪ್ರಾಟೆಸ್ಟಂಟರು. ರೋಮನ್ ಕ್ಯಾಥೋಲಿಕರ ಪರಂಪರೆ ಬೇರೆ. ಗಜೇಂದ್ರಗಡದ ಈಶಾನ್ಯಕ್ಕಿರುವ ಮುದಗಲ್ಲಿನಲ್ಲಿ ಅವರ ನೆಲೆಯು 16ನೆಯ ಶತಮಾನದಷ್ಟು ಹಳೆಯದೆಂದು ಗ್ಯಾಝೆಟಿಯರು ಹೇಳುವದು. ಬೆಳಗಾವಿಯ ಅವರ ಸೇಂಟ್ ಪಾಲ್ಸ್ ಹೈಸ್ಕೂಲು 1856ರಲ್ಲಿ ಹುಟ್ಟಿತು. ಅದೇ 1856ರ ಜೂನಿನಲ್ಲಿ, ಧಾರವಾಡದ ಸರಕಾರಿ ಶಾಲೆಗೆ ಸೇರಬಂದ ಮಹಾರ ಕುಲದ ಹುಡುಗನೊಬ್ಬನನ್ನು ಜಾತಿಯ ಕಾರಣದಿಂದ ಹೊರಗೇ ನಿಲ್ಲಿಸಿದರು. ಬಾಗಿಲ ಮೇಲೆ ದೇವರ ಹೆಸರಿಲ್ಲದ ಮಾತ್ರಕ್ಕೆ ಶಾಲೆಯು ಎಲ್ಲರದಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರೋಣದಲ್ಲಿ ನಾವು ಇಳಿದುಕೊಂಡ ಮನೆಯಲ್ಲಿ ಈ ವಿಚಾರವು ಬರಿಯ ಚರಿತ್ರೆಯಾಗಿರಲಿಲ್ಲ. ಮನೆಯ ಯಜಮಾನರೂ ಅವರ ಪತ್ನಿಯೂ ದೇವರನ್ನು ನಂಬದವರು, ರಜಿಸ್ಟರ ಲಗ್ನವಾದವರು. ಅವರ ಐದು ವರುಷದ ಮಗಳನ್ನು ದೊಡ್ಡ ಊರಲ್ಲಿರುವ ಕ್ಯಾಥೋಲಿಕ ಶಾಲೆಯೊಂದಕ್ಕೆ ಸೇರಿಸುವ ಯೋಚನೆ ನಡೆದಿತ್ತು. ಅಲ್ಲಿಯ ಶಿಸ್ತು, ಪಾಠದ ಅಚ್ಚುಕಟ್ಟು, ಹೆಣ್ಣುಮಕ್ಕಳ ಓದಿಗೆ ಕೊಡುವ ಮರ್ಯಾದೆ ಅವರಿಗೆ ಹಿಡಿಸಿದ್ದವು. ಒಪ್ಪದವರು ಅಜ್ಜಿಯೊಬ್ಬರೇ.

"ಪಾದ್ರಿಗಳ ಸಾಲಿಗೆ ಹಾಕಿದರ ಕೂಸು ಮನಿದೇವರನ್ನ ಮರೀತೈತಿ" ಎಂದರು ಆಕೆ.

"ನಮ್ಮ ಮನ್ಯಾಗ ದೇವರ ಪೂಜಿನ ಇಲ್ಲಲ್ಲಬೇ ಯವ್ವ" ಎಂದರು ಮಗ.

"ಅದನ್ನ ನಾ ಕೇಳಾಕತ್ತೀನಿ. ಮನ್ಯಾಗ ದೇವರಿಲ್ಲ ಅಂತೀರಿ, ಸಾಲ್ಯಾಗ ಅದಾನ ಅಂತಾರ. ಕೂಸು ಯಾರ ಮಾತ ಕೇಳಬೇಕು?"

ಈ ಪ್ರಶ್ನೆಗೆ ಆ ರಾತ್ರಿ ಯಾರೂ ಉತ್ತರ ಕೊಡಲಿಲ್ಲ. ಆದರೆ ಉತ್ತರಿಸಲೇಬೇಕಾದ ಪ್ರಶ್ನೆ ಅದು.

ಕ್ಯಾಥೋಲಿಕ ಶಾಲೆಗಳ ನಡೆಯನ್ನು ಬಲ್ಲವರು ಹೇಳುವ ಮಾತು ಇದು. ಸಾಮಾನ್ಯವಾಗಿ ತಮ್ಮ ಮತದ ಮಕ್ಕಳಿಗೆ ಅವರು ಧರ್ಮೋಪದೇಶದ ತಾಸನ್ನು ಇಟ್ಟಾಗ, ಉಳಿದವರಿಗೆ ನೀತಿಪಾಠ ನಡೆಯುವದು. ಬೆಳಗಿನ ಪ್ರಾರ್ಥನೆ, ಕ್ರಿಸ್‌ಮಸ್ ಹಬ್ಬ, ಗೋಡೆಯ ಮೇಲಿನ ಶಿಲುಬೆ ಇವು ಎಲ್ಲರಿಗೂ ಕಾಣುವವು. ಭಾರತದ ಕ್ಯಾಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2024ರ ಏಪ್ರಿಲಿನಲ್ಲಿ ತನ್ನ ಶಾಲೆಗಳಿಗೆ ಸೂಚನೆಗಳನ್ನು ಕಳಿಸಿ, ಅನ್ಯಮತದ ಮಕ್ಕಳ ಮೇಲೆ ಕ್ರೈಸ್ತ ಆಚಾರಗಳನ್ನು ಹೇರಬಾರದೆಂದೂ ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕೆಂದೂ ತಿಳಿಸಿತು.

ಇನ್ನು ಕಾಯದೆ. ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೆಯ ಅನುಚ್ಛೇದದ ಮೂರನೆಯ ಖಂಡವು ಶಾಲೆಗೆ ಬಂದ ಮಗುವನ್ನು ಕಾಯುವದು: ಸರಕಾರದ ಮನ್ನಣೆಯನ್ನಾಗಲಿ ಹಣವನ್ನಾಗಲಿ ಪಡೆಯುವ ಶಾಲೆಯು, ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮೋಪದೇಶಕ್ಕೂ ಪೂಜೆಗೂ ಕೂಡ್ರಿಸಲಾಗದು. ಈ ಮಾತು ಮಠದ ಶಾಲೆಗೂ ಮಿಶನ್ ಶಾಲೆಗೂ ಒಂದೇ. ಆದರೆ ಎಲ್ಲವೂ 'ಒಪ್ಪಿಗೆ' ಎಂಬ ಒಂದು ಶಬ್ದದ ಮೇಲೆ ನಿಂತಿದೆಯೆಂಬುದನ್ನು ವಾಚಕರು ಮರೆಯಬಾರದು. 2022ರಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ (ಅದು ಕ್ಯಾಥೋಲಿಕರದಲ್ಲ) ಪ್ರವೇಶಪತ್ರದಲ್ಲಿ, ಮಗು ಬೈಬಲ್ ಒಯ್ಯುವದಕ್ಕೆ ತಮ್ಮ ಆಕ್ಷೇಪವಿಲ್ಲವೆಂದು ಪಾಲಕರು ಬರೆದುಕೊಡಬೇಕಾದ ಮಾತು ಇತ್ತು. ಅದರಿಂದ ದೊಡ್ಡ ವಾದವೆದ್ದು ಶಿಕ್ಷಣ ಇಲಾಖೆಯು ವಿವರಣೆ ಕೇಳಬೇಕಾಯಿತು. ಸಣ್ಣ ಅಕ್ಷರಗಳನ್ನು ಓದದೆ ಸಹಿ ಮಾಡುವವನು ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟಂತಾಗುವದು.

ಪ್ರವೇಶಪತ್ರದಲ್ಲಿಯ 'ಧರ್ಮ' ಎಂಬ ಕಟ್ಟಳೆಯ ಮನೆಯೂ ಇಂಥವರಿಗೆ ತೊಡಕಿನದೇ. ಧರ್ಮವಿಲ್ಲವೆಂದು ಹೇಳಿಕೊಳ್ಳುವ ಹಕ್ಕು ಪ್ರಜೆಗೆ ಉಂಟೆಂದು 2014ರಲ್ಲಿ ಮುಂಬಯಿ ಹೈಕೋರ್ಟು ತೀರ್ಪು ಕೊಟ್ಟಿತು. ಆದರೂ ಆ ಮನೆಯನ್ನು ಖಾಲಿ ಬಿಡುವದು ಎಲ್ಲ ಕುಟುಂಬಗಳಿಗೂ ಸಮನಾಗಿ ಸುಲಭವಲ್ಲ. ಪರಿಶಿಷ್ಟ ಜಾತಿಯ ಮನ್ನಣೆಯು 1950ರ ರಾಷ್ಟ್ರಪತಿಗಳ ಆದೇಶದಿಂದ ಧರ್ಮದೊಡನೆ ಗಂಟುಬಿದ್ದಿದೆ. ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ಹಬ್ಬಿತು. ಶಾಲೆಯ ದಾಖಲೆಯೇ ಮುಂದೆ ಜಾತಿಯ ಪ್ರಮಾಣಪತ್ರಕ್ಕೆ ಆಧಾರವಾಗಬಹುದಾದ್ದರಿಂದ ಇಂಥ ಮನೆಯವರು ತಿಳಿದವರನ್ನು ಕೇಳಿಯೇ ಬರೆಯುವದು ಒಳ್ಳೆಯದು. ತಂದೆತಾಯಿಗಳ ವಿಚಾರದ ಬೆಲೆಯನ್ನು ಮಗು ತೆರಬಾರದು.

ಕೊನೆಗೆ ನರಗುಂದಕ್ಕೆ ಬಂದೆವು. ಹುಬ್ಬಳ್ಳಿ–ಸೋಲಾಪುರ ಹೆದ್ದಾರಿಯ ಮೇಲೆ ನೇರವಾಗಿ ಎದ್ದು ನಿಂತ ಗುಡ್ಡವೂ ಕೋಟೆಯೂ ದೂರದಿಂದಲೇ ಕಾಣುವವು. 1858ರಲ್ಲಿ ಬಾಬಾಸಾಹೇಬನು ಇಂಗ್ಲಿಷರ ಮೇಲೆ ಎದ್ದ ಊರಿದು. 1980ರ ಜುಲೈಯಲ್ಲಿ ರೈತರು ನೀರಿನ ಕರವನ್ನು ಪ್ರಶ್ನಿಸಿ ಗುಂಡನ್ನು ಎದುರಿಸಿದ ಊರೂ ಇದೇ. ಇಂಥ ನಾಡಿನವರು ಶಾಲೆಯ ಮುಖ್ಯಸ್ಥರ ಮುಂದೆ ನಾಲ್ಕು ಪ್ರಶ್ನೆಗಳನ್ನು ಕೇಳಲು ಅಂಜಬೇಕಿಲ್ಲ: ಪ್ರಾರ್ಥನೆಯ ಹೊತ್ತಿಗೆ ನಮ್ಮ ಮಗುವು ಸುಮ್ಮನೆ ನಿಂತರೆ ನಡೆಯುವದೇ? ಧರ್ಮೋಪದೇಶದ ಬದಲು ಯಾವ ಪಾಠ? ನಾವು ಒಪ್ಪದ್ದನ್ನು ಪತ್ರದಲ್ಲಿ ಬರೆದುಕೊಡಬಹುದೇ? ಹೀಗೆ ಬರೆದುಕೊಟ್ಟ ಮಗುವನ್ನು ತರಗತಿಯಲ್ಲಿ ಬೇರೆಯೆಂದು ತೋರಿಸದೆ ಇರುವಿರೇ? ನಾಲ್ಕನೆಯದೇ ಎಲ್ಲಕ್ಕೂ ಮುಖ್ಯ. ಕಾಯದೆಯು ಮಗುವನ್ನು ಪ್ರಾರ್ಥನೆಯಿಂದ ಬಿಡಿಸಬಲ್ಲದು. ನೂರು ಮಕ್ಕಳ ನಡುವೆ ಒಂಟಿಯಾಗಿ ನಿಲ್ಲುವ ಸಂಕೋಚದಿಂದ ಬಿಡಿಸಲಾರದು. ಅದು ಶಿಕ್ಷಕರ ಮನಸ್ಸಿಗೆ ಬಿಟ್ಟ ಮಾತು. ಈ ನಾಲ್ಕಕ್ಕೂ ನೇರವಾದ ಉತ್ತರ ಸಿಕ್ಕರೆ ಶಿಲುಬೆಗೆ ಹೆದರುವ ಕಾರಣವಿಲ್ಲ. ಸಿಗದಿದ್ದರೆ ಶಾಲೆಯ ಹೆಸರು ಎಷ್ಟೇ ದೊಡ್ಡದಾದರೂ ಬೇರೆ ಬಾಗಿಲು ನೋಡುವದು ಲೇಸು.

ಇನ್ನು ಅಜ್ಜಿಯ ಪ್ರಶ್ನೆ. ಮಗುವು ಯಾರ ಮಾತು ಕೇಳಬೇಕು? ಇಬ್ಬರದೂ ಕೇಳಲಿ ಎಂಬುದೇ ನಮ್ಮ ಅಭಿಪ್ರಾಯ. 'ನಾವು ಹೀಗೆ ತಿಳಿದಿದ್ದೇವೆ, ಅವರು ಹಾಗೆ ತಿಳಿದಿದ್ದಾರೆ, ನೀನು ದೊಡ್ಡವಳಾಗಿ ನೋಡಿಕೋ' ಎಂದು ತಾಯಿತಂದೆಗಳು ಮನೆಯಲ್ಲಿ ಅಂಜಿಕೆಯಿಲ್ಲದೆ ಹೇಳಬಲ್ಲವರಾದರೆ ಕೂಸಿಗೆ ಗೊಂದಲವಿಲ್ಲ. ಅಜ್ಜಿಯ ಕತೆಗಳೂ ಅದರ ಪಾಲಿಗೆ ಇರಲಿ. ಶಾಲೆಯು ತನ್ನ ನಂಬಿಕೆಯನ್ನು ಹೇರಬಾರದೆಂದು ಕೇಳುವವರು ತಮ್ಮ ಅಪನಂಬಿಕೆಯನ್ನೂ ಹೇರದಿರುವದು ನ್ಯಾಯ.