ಗಲ್ಲಾದಾಗ ರೊಕ್ಕ ಕಡಿಮಿ ಬಿದ್ರ ಯಾರು ತುಂಬಬೇಕು?

ಅಕ್ಕಾರ, ನಮ್ಮ ಓಣ್ಯಾಗ ಈಗ ಭಾಳ ಹುಡುಗ್ಯಾರು ಅರಿವಿ ಅಂಗಡಿ, ಔಷಧ ಅಂಗಡಿಗೆ ಕೆಲಸಕ್ಕ ಹೊಂಟಾರ. ಅದಕ್ಕ ಈ ಮಾತು ಬರಿಯಾಕತ್ತೀನಿ.

ಕೆಲಸ ಕೆಟ್ರ ಮಾಡಿದಾಕಿ ತಪ್ಪೋ, ಮಾಡಿಸಿದವರ ತಪ್ಪೋ? ನಮ್ಮ ಅತ್ತಿಯವರ ಕಾಲದಾಗ ಒಮ್ಮೆ ಹೂರಣ ತೆಳ್ಳಗಾಗಿ, ಬೀಗರು ಊಟಕ್ಕ ಕೂತಾಗ ಹೋಳಿಗಿ ಎಲ್ಲಾ ಹರದ್ವು. ಬ್ಯಾಳಿ ಬೇಯಿಸಿದಾಕಿ ನನ್ನ ನೆಗೆಣ್ಣಿ. ಅತ್ತಿಯವರು ಆಕಿ ಕಡೆ ಬೊಟ್ಟು ಮಾಡಲಿಲ್ಲ. "ಕಟ್ಟು ಬಸಿಯೋವಾಗ ನಾ ನೋಡಬೇಕಿತ್ರಿ" ಅಂದ್ರು. ಬೀಗರು ಹೋದ ಮ್ಯಾಲೆ ಆಕಿನ್ನ ಕರದು ಬ್ಯಾಳಿ ಎಷ್ಟು ಬಸೀಬೇಕಂತ ತೋರಿಸಿಕೊಟ್ರು.

ಹೊರಗಿನ ಕೆಲಸದಾಗ ಇಂಥ ಹಿರೇತನ ಕಡಿಮಿ. ನನ್ನ ತಂಗಿ ಮಗಳು ಒಂದು ಅರಿವಿ ಅಂಗಡ್ಯಾಗ ಗಲ್ಲಾದ ಮ್ಯಾಲೆ ಕೂಡತಾಳ. ದೀಪಾವಳಿ ಗದ್ದಲದಾಗ ಒಂದಿನಾ 1,800 ರೂಪಾಯಿ ಕಡಿಮಿ ಬಂತು. ಆಕಿ ಪಗಾರದಾಗ ಅಷ್ಟೂ ಮುರಕೊಂಡ್ರು. ಏನಾತು ಅಂತ ಕೇಳಲೇ ಇಲ್ಲ. ಆಕಿ ಊಟಕ್ಕ ಎದ್ದಾಗ ಅದೇ ಗಲ್ಲಾದಿಂದ ಚಿಲ್ಲರೆ ಕೊಡತಿದ್ದಾಂವ ಸೂಪರ್‌ವೈಸರ್. ಕೈ ಎರಡು, ದಂಡ ಒಬ್ಬಾಕಿಗೆ!

"ಹೋಗ್ಲಿ ಬಿಡವಾ, ಕೆಲಸ ಉಳೀತಲ್ಲ" ಅಂದ್ರು ಅವರಪ್ಪ. ನನಗದು ಸರಿ ಅನಸಲಿಲ್ಲ. ರೊಕ್ಕ ಮತ್ತ ಗಳಿಸಬಹುದು. 'ಈಕಿ ಕೈ ಚೊಲೋ ಇಲ್ಲ' ಅನ್ನೋ ಹೆಸರು ಬಂದ್ರ ತೊಳಿಯೋದು ಹೆಂಗ?

ಪರಿಚಯದ ವಕೀಲರನ್ನ ಕೇಳಿದ್ವಿ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ನಿಯಮವೇ 2019ರ ವೇತನ ಸಂಹಿತೆಯಲ್ಲೂ ಐತಿ. ಒಪ್ಪಿಸಿದ ರೊಕ್ಕ ಕೆಲಸದವರ ಅಲಕ್ಷ್ಯದಿಂದಲೇ ಹೋಗಿದ್ರ ಮಾತ್ರ ಪಗಾರ ಮುರೀಬಹುದು. ಲುಕ್ಸಾನಿಗಿಂತ ಹೆಚ್ಚು ಮುರಿಯೋ ಹಂಗಿಲ್ಲ. ಮುರಿಯೋಕಿಂತ ಮೊದಲ ಅವರ ಮಾತು ಕೇಳಲೇಬೇಕು. ಆಕಿ ಇದನ್ನೇ ಅರ್ಜಿ ಬರದು ಮಾಲಕರಿಗೆ ಕೊಟ್ಟಳು. ರೊಕ್ಕ ಇನ್ನೂ ತಿರುಗಿ ಬಂದಿಲ್ಲ. ಆದ್ರ ಈಗ ಕೈ ಬದಲಾದಾಗೆಲ್ಲಾ ಎಣಿಸಿ ಇಬ್ಬರೂ ಸಹಿ ಮಾಡತಾರ.

ಹಂಗಂತ ಎಲ್ಲಾ ತಪ್ಪನ್ನ ಮ್ಯಾಲಿನವರ ತಲಿಗೆ ಕಟ್ಟೋದೂ ನ್ಯಾಯ ಅಲ್ಲ. ಫೋನ್ ನೋಡಕೋತ ಚಿಲ್ಲರೆ ಕೊಟ್ರ ಅದು ಕೂತಾಕಿ ತಪ್ಪು. ಒಂದೇ ಗಲ್ಲಾಕ್ಕ ಇಬ್ಬರನ್ನ ಬಿಟ್ಟು ಲೆಕ್ಕ ಬರಿಸದಿದ್ರ ಅದು ಹಂಗ ನಡಿಸಿದವರ ತಪ್ಪು.

ನಿಮ್ಮ ಮನಿ ಹುಡುಗ್ಯಾರಿಗೂ ಹೇಳ್ರಿ: ಗಲ್ಲಾ ತಗೊಳ್ಳೋವಾಗ ಎಣಿಸಬೇಕು, ಬಿಟ್ಟು ಏಳೋವಾಗ ಎಣಿಸಬೇಕು, ಎರಡನ್ನೂ ಬರದಿಡಬೇಕು. ಸಂಕೋಚ ಬ್ಯಾಡ.