ಖಾಕಿಯ ಭಯ ಮತ್ತು ಆಸ್ಪತ್ರೆಯ ದಾರಿ

ಅಫೀಮು ಎಂದೊಡನೆ ನಮ್ಮ ಪೀಳಿಗೆಯವರಿಗೆ ನೆನಪಾಗುವುದು ಇತಿಹಾಸದ ಪಾಠದಲ್ಲಿ ಬರುವ ಚೀನದ ಯುದ್ಧಗಳು. ಆದರೆ ಅದರ ಸಂತತಿ ಇಂದು ಮಾತ್ರೆಯ ರೂಪದಲ್ಲಿಯೂ ಇದೆ. ಹೆರಾಯಿನ್ ಒಂದೇ ಅಲ್ಲ, ನೋವಿಗೆ ಕೊಡುವ ಟ್ರಮಡಾಲ್ ಕೂಡ ಅದೇ ಬಗೆಯಲ್ಲಿ ಮಿದುಳನ್ನು ಹಿಡಿಯಬಲ್ಲದು. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ, ಇಂಥ ವಸ್ತುಗಳ ದುಷ್ಪರಿಣಾಮಕ್ಕೆ ಸಿಲುಕಿ ನೆರವಿನ ಅಗತ್ಯವಿರುವ ಭಾರತೀಯರು ಸುಮಾರು 77 ಲಕ್ಷ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮಗೆ ಗಡಿ ಎಂಬುದು ನಿತ್ಯದ ಹಾದಿ. ಬೀಗತನ ಅತ್ತ, ಹೊಲ ಇತ್ತ. ದೊಡ್ಡ ಕಾಯಿಲೆಯಾದರೆ ಮಿರಜಿನ ಆಸ್ಪತ್ರೆ. ಹೀಗಾಗಿ ಮಾದಕ ವಸ್ತುಗಳ ವಿಷಯ ಬಂದಾಗ ನಾವು ಪೊಲೀಸರಿಂದ ಬಯಸುವುದು ಕೊಗನೊಳ್ಳಿಯಂಥ ಚೆಕ್‌ಪೋಸ್ಟಿನಲ್ಲಿ ಬಿಗಿ ತಪಾಸಣೆಯನ್ನು ಮಾತ್ರ. ಅದು ಬೇಕು, ನಿಜ. ಆದರೆ ಅಷ್ಟೇ ಸಾಲದು.

ಈಚೆಗೆ ಪರಿಚಿತ ತಾಯಿಯೊಬ್ಬರು ಮಗನ ಮಾತ್ರೆಯ ಚಟವನ್ನು ದನಿ ತಗ್ಗಿಸಿ ಹೇಳಿಕೊಂಡರು. ಆಸ್ಪತ್ರೆಗೆ ಕರೆದೊಯ್ಯಿರಿ ಎಂದೆ. “ಪೊಲೀಸ್ರಿಗೆ ಗೊತ್ತಾದ್ರ ಹುಡುಗನ ಬಾಳೇ ಹಾಳಾಗತೈತ್ರಿ ಸರ್” ಎಂದರು. ಚಟಕ್ಕಿಂತ ಠಾಣೆಯ ಭಯವೇ ಆ ಮನೆಯಲ್ಲಿ ದೊಡ್ಡದಾಗಿತ್ತು.

ಆದರೆ ಕಾನೂನು ಅಷ್ಟು ನಿರ್ದಯವಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯ 27ನೇ ಕಲಮು ಸೇವನೆಯನ್ನು ಅಪರಾಧವೆನ್ನುತ್ತದೆ. ಅದೇ ಕಾಯ್ದೆಯ 64–ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ರಕ್ಷಣೆಯನ್ನು ಹಿಂಪಡೆಯಬಹುದು. 39ನೇ ಕಲಮಿನಂತೆ, ಅಪರಾಧ ಸಾಬೀತಾದ ಬಳಿಕವೂ ನ್ಯಾಯಾಲಯವು ವ್ಯಸನಿಯನ್ನು ಅವನ ಒಪ್ಪಿಗೆಯ ಮೇಲೆ ಚಿಕಿತ್ಸೆಗೆ ಕಳುಹಿಸಬಹುದು. ಈ ಬಾಗಿಲು ಇದೆಯೆಂದು ಹಳ್ಳಿಯ ತಾಯಂದಿರಿಗೆ ಹೇಳುವವರು ಯಾರು? ಬೀಟಿಗೆ ಬರುವ ಪೊಲೀಸರೇ ಹೇಳಿದರೆ ಆ ಮಾತಿಗೆ ಬರುವ ತೂಕವೇ ಬೇರೆ.

ಇನ್ನೊಂದು ಸಂಗತಿಯಿದೆ. ಇಂಥ ವ್ಯಸನಿಯನ್ನು ಕೂಡಿಹಾಕಿದರೆ ಮೈನೋವು, ವಾಂತಿ, ಭೇದಿ, ನಿದ್ರಾಹೀನತೆಗಳು ಕಾಡುತ್ತವೆ. ಕೆಲ ದಿನಗಳಲ್ಲಿ ದೇಹವು ಆ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಚಿಕಿತ್ಸೆಯಿಲ್ಲದ ಬಂಧನವು ಹೀಗೆ ಪ್ರಾಣಕ್ಕೇ ಎರವಾಗಬಲ್ಲದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಖಾಕಿ ತೊಟ್ಟಿದ್ದೀರಿ, ಕೆಲವರು ಔಷಧಿ ಅಂಗಡಿ ಇಟ್ಟಿದ್ದೀರಿ. ಅಂಗಡಿಯವರಲ್ಲಿ ನನ್ನ ವಿನಂತಿ: ಟ್ರಮಡಾಲ್ ‘ಎಚ್–1’ ಅನುಸೂಚಿಯ ಔಷಧಿ, ವೈದ್ಯರ ಚೀಟಿಯಿಲ್ಲದೆ ಕೊಡಬೇಡಿ, ರಿಜಿಸ್ಟರಿನಲ್ಲಿ ಬರೆಯುವುದನ್ನು ಬಿಡಬೇಡಿ. ಖಾಕಿಯವರಲ್ಲಿ: ಮಾರುವವನಿಗೂ ನರಳುವವನಿಗೂ ಇರುವ ಅಂತರವನ್ನು ಮರೆಯಬೇಡಿ. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವೇನಲ್ಲ; ವ್ಯಸನಮುಕ್ತಿಗಾಗಿ 14446 ಎಂಬ ಉಚಿತ ಸಹಾಯವಾಣಿಯೂ ಇದೆ. ಅದನ್ನು ಠಾಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿದರೆ ಎಷ್ಟೋ ಮನೆಗಳ ಗುಟ್ಟು ರಟ್ಟಾಗದೆಯೇ ಗುಣವಾದೀತು.